ಫಕೀರವ್ವನಿಗೆ ಬಾಯಿ ಬಂದ ದಿನ

“ಮತ್ತ ಕರದ್ರೇನು? ಈ ಮಠದಾಗ ಒಂದು ಮುದ್ದಿ ಹಿಟ್ಟು ನೆಟ್ಟಗ ನಾದಾಕೂ ಬಿಡಂಗಿಲ್ಲಲ್ಲ!”

ದಾಸೋಹದ ಅಡುಗೆಮನೆಯಲ್ಲಿ ಫಕೀರವ್ವ ಬಿಸಿಬಿಸಿ ಜೋಳದ ಹಿಟ್ಟನ್ನು ಪರಾತದಲ್ಲಿ ಕುಕ್ಕಿ ಎದ್ದಳು.

ಪರಮಪೂಜ್ಯ ಗುರುಸಿದ್ಧಮ್ಮ ತಾಯಿಯವರು ಕರಡಿಗುಡ್ಡದ ಬುಡದಲ್ಲಿ ನೆಲೆಸಿದ್ದ ಕಾಲವದು. ಮಠವೆಂದರೆ ಮಣ್ಣಿನ ಗೋಡೆಯ ಎರಡು ಕೋಣೆ, ಒಂದು ಗದ್ದುಗೆ. ತಾಯಿಯವರು ಕೂರುತ್ತಿದ್ದದ್ದು ತೂತುಬಿದ್ದ ಕಂಬಳಿಯ ಮೇಲೆ. ಅವರ ಮಾತು ಬಲು ಕಡಿಮೆ. ಅಂದು ಮಾತ್ರ ಬೆಳಗಿನಿಂದ ಫಕೀರವ್ವನನ್ನು ಕರೆಸಿ ಕರೆಸಿ ಒಂದೇ ಮಾತು ಕೇಳುತ್ತಿದ್ದರು: “ಇನ್ನೂ ಹೋಗಲಿಲ್ಲೇನವಾ?”

ಹೋಗಬೇಕಾದದ್ದು ಅವಳ ಮನೆಗೇ. ಅವಳ ಕಿರಿಯ ಮಗಳು ಮಹಾನಂದಾ ಹದಿಮೂರರ ಹುಡುಗಿ. ಅವಳನ್ನು ಹೆಂಡತಿ ಸತ್ತ, ತಲೆ ನರೆತ ಒಬ್ಬನಿಗೆ ಕೊಡುವುದೆಂದು ಫಕೀರವ್ವನ ಭಾವ ಅಂದಾನೆಪ್ಪ ಮಾತಾಡಿ ಮುಗಿಸಿದ್ದ. ಆ ಮಧ್ಯಾಹ್ನವೇ ನಿಶ್ಚಯದ ವೀಳ್ಯ. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಫಕೀರವ್ವನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ. ನಸುಕಿನಲ್ಲೇ ಓಡಿಬಂದು ತಾಯಿಯವರ ಕಾಲು ಹಿಡಿದು, “ಹೆಂಗರ ಮಾಡಿ ತಪ್ಪಿಸ್ರಿ” ಎಂದು ಅತ್ತಿದ್ದಳು. “ಹೆತ್ತಾಕಿ ನೀನು. ನೀನೇ ಹೋಗಿ ತಪ್ಪಿಸು” ಎಂದಿದ್ದರು ತಾಯಿಯವರು. ಅಷ್ಟಕ್ಕೆ ಅವಳು ಅಡುಗೆಮನೆ ಹೊಕ್ಕು ರೊಟ್ಟಿಗೆ ಕೂತಿದ್ದಳು. ಅಂಜಿದವರಿಗೆ ಅವಿತುಕೊಳ್ಳಲು ಸೇವೆಗಿಂತ ಒಳ್ಳೆಯ ಮೂಲೆ ಎಲ್ಲಿದೆ?

ಈ ಸಲ ಗದ್ದುಗೆಯ ಮುಂದೆ ಭಕ್ತರು ತುಂಬಿದ್ದರು. ತಾಯಿಯವರು ತಲೆ ಎತ್ತಿದರು.

“ಇನ್ನೂ ಹೋಗಲಿಲ್ಲೇನವಾ?”

ಫಕೀರವ್ವನ ನೆತ್ತಿಗೆ ಬೆಂಕಿ ಹತ್ತಿತು.

“ಹೆಂಗ ಹೋಗ್ಲಿ? ನಾಕು ಮಂದಿ ಮುಂದ ನಿಂತು ಮಾತಾಡಾಕ ನನಗ ಬರಂಗಿಲ್ಲ. ನಿಂದರಾಕ ಒಂದು ಖೋಲಿ ಇಲ್ಲ. ಮೊದಲ ಹೊಲಿಗಿ ಕಲೀತೀನಿ, ಆಮ್ಯಾಲ ಖೋಲಿ ಹಿಡೀತೀನಿ, ಒಂದೀಟು ಧೈರ್ಯ ಬರಲಿ, ಅವಾಗ ಕೇಳತೀನಿ. ನಿಮಗೇನ್ರೀ, ಕಂಬಳಿ ಮ್ಯಾಲ ಕುಂತು ಹೋಗಲಿಲ್ಲೇನು, ಹೋಗಲಿಲ್ಲೇನು ಅನ್ನಾಕ! ನಿಮಗೇನು ಮಗಳಿದ್ದಾಳೇನು?”

“ಏಯ್, ಯಾರ ಮುಂದ ಮಾತಾಡಾಕತ್ತೀ!” ಎಂದು ಮುದುಕರೊಬ್ಬರು ಗದರಿದರು. ತಾಯಿಯವರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿ, ತಾವೇ ಎದ್ದು ಅಡುಗೆಮನೆಗೆ ನಡೆದರು. ಆರಿಹೋಗಿದ್ದ ಹಿಟ್ಟಿನಿಂದ ಒಂದು ಉಂಡೆ ಮುರಿದು ತಟ್ಟತೊಡಗಿದರು. ಅದು ಅಂಗೈಯಗಲ ಆಗುವುದರೊಳಗೇ ಸುತ್ತ ಸೀಳಿತು.

“ಕೆಡಿಸಿದವರು ನೀವೇ. ಬಿಸಿ ಇದ್ದಾಗ ಕರದ್ರಿ” ಎಂದಳು ಫಕೀರವ್ವ. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಹೌದವಾ, ನಾನೇ ಕೆಡಿಸಿದೆ. ಇದಕ್ಕ ಮತ್ತ ಬಿಸಿ ಎಸರು ಹಾಕಿ ನಾದಬಹುದು. ಆ ಕೂಸಿಗೆ ಏನು ಹಾಕಿ ನಾದತೀ?”

ತಾಯಿಯವರು ಫಕೀರವ್ವನ ಮುಖವನ್ನೇ ನೋಡಿದರು.

“ಮಾತಾಡಾಕ ಬರಂಗಿಲ್ಲ ಅಂದಿ. ಈಗ ಇಷ್ಟು ಮಂದಿ ಮುಂದ ನನ್ನನ್ನ ಬೈದಾಕಿ ಯಾರು? ಈ ಸಿಟ್ಟು ಆರೂದರಾಗ ಹೋಗು.”

ಅವಳು ಕೈ ತೊಳೆಯಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಸೆರಗು ಬಿಗಿದು ನಡೆದಳು. ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು, ಎಲೆ ಅಡಿಕೆಯ ತಟ್ಟೆ ನಡುವೆ ಇತ್ತು. ದಾರಿಯುದ್ದಕ್ಕೂ ಹೊಂದಿಸಿಕೊಂಡ ಮಾತೆಲ್ಲ ಹೊಸ್ತಿಲಲ್ಲೇ ಮರೆತುಹೋಯಿತು. ನೇರ ಒಳಗೆ ನುಗ್ಗಿ ತಟ್ಟೆಯನ್ನು ಎತ್ತಿ ಗಂಡಿನ ಕಡೆಯವರ ಮುಂದೆ ಬೋರಲು ಹಾಕಿದಳು.

“ಹೆತ್ತಾಕಿ ನಾನು. ಕೊಡಂಗಿಲ್ಲ. ಏಳ್ರಿ.”

“ಹಂಗಾದ್ರ ಈ ಮನಿಯಾಗ ನಿನಗ ಜಾಗ ಇಲ್ಲ!” ಎಂದು ಅಂದಾನೆಪ್ಪ ಅಬ್ಬರಿಸಿದ.

“ಇತ್ತೇನ್ರೀ ಭಾವಾ, ಯಾವಾಗರ?”

ಹೆತ್ತವಳು ಒಲ್ಲದ ಹೆಣ್ಣು ತಮಗೂ ಬೇಡವೆಂದು ಗಂಡಿನ ಕಡೆಯವರು ಮೆಟ್ಟು ಹಾಕಿಕೊಂಡು ಹೊರಟರು. ಫಕೀರವ್ವ ಮಗಳ ಕೈ ಹಿಡಿದು ಬರಿಗಾಲಲ್ಲಿ ಮಠಕ್ಕೆ ಬಂದಳು. ತಾಯಿಯವರು ತಮ್ಮ ಕಂಬಳಿಯ ಅರ್ಧ ಸರಿಸಿ ಹುಡುಗಿಯನ್ನು ಕೂರಿಸಿಕೊಂಡರು. ಅವರ ಕೃಪೆಯಿಂದ ಫಕೀರವ್ವ ಮುಂದೆ ಸುತ್ತಿನ ಹಳ್ಳಿಗಳಲ್ಲಿ ಇಂಥ ಎಷ್ಟೋ ವೀಳ್ಯಗಳನ್ನು ನಿಲ್ಲಿಸಿದಳು. ಕರೆ ಬಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಯೇ ಬಿಟ್ಟು ಹೊರಡುತ್ತಿದ್ದಳು. ಊರ ದೊಡ್ಡವರೂ ಅವಳ ಬಾಯಿಗೆ ಅಂಜುತ್ತಿದ್ದರು.

ಆದರೆ ಅಂದು ಮಠದ ದಾರಿಯಲ್ಲಿ ಮಹಾನಂದಾ ಕೇಳಿದ ಒಂದು ಮಾತಿಗೆ ಉತ್ತರ ಹೇಳಲು ಆ ಬಾಯಿಗೆ ಕೊನೆಯವರೆಗೂ ಆಗಲಿಲ್ಲ.

“ಹೋದ ವರ್ಷ ಅಕ್ಕನ್ನೂ ಹಿಂಗ ಕೊಟ್ರಲ್ಲವ್ವಾ, ಅವತ್ತು ನೀ ಯಾಕ ಸುಮ್ಮನಿದ್ದಿ?”