ತೂತಿನ ಮೇಲಿನ ಬೆರಳು

ಹೊಳೆದಂಡೆಯ ಒಂದು ಮಠ. ಬಂದವರನ್ನು ಆಚೆ ದಡಕ್ಕೆ ದಾಟಿಸುವುದೇ ಅಲ್ಲಿನ ಪೂಜೆ. ಹರಿಗೋಲು ಹೆಣೆಯುವವರೂ ಶಿಷ್ಯರೇ, ಹುಟ್ಟು ಹಾಕುವವರೂ ಶಿಷ್ಯರೇ.

ಹರಿಗೋಲುಗಳೆಲ್ಲ ಬುಟ್ಟಿಯ ಹಾಗೆ ದುಂಡಗೆ. ಸುಳಿಗೆ ಸಿಕ್ಕರೆ ಗಿರಗಿರ ತಿರುಗುತ್ತಿದ್ದವು. ಹೋದ ಮಳೆಗಾಲ ಹಾಗೆ ತಿರುಗಿ ಒಬ್ಬ ಮುದುಕಿ ನೀರಿಗೆ ಬಿದ್ದಳು. ಹುಟ್ಟು ಹಾಕುತ್ತಿದ್ದ ಕಿರಿಯ ಶಿಷ್ಯ ಫಕೀರೇಶ ಹಾರಿ ಎತ್ತಿ ತಂದ. ಮುದುಕಿ ಬದುಕಿದಳು. ಅವನಿಗೆ ಮಾತ್ರ ಆ ಸುಳಿ ತಲೆಯಿಂದ ಹೋಗಲಿಲ್ಲ.

ಮೂರು ತಿಂಗಳು ಬಿದಿರು ಸೀಳಿದ. ಉದ್ದನೆಯ ಹರಿಗೋಲೊಂದನ್ನು ಹೆಣೆದ, ಮುಂದೆ ಚೂಪು ಮೂತಿ. ಗೋಣಿತಟ್ಟು ಹೊದಿಸಿ ಡಾಂಬರು ಬಳಿದ. ಗುರುಗಳು ಒಪ್ಪಿದರೆ ಹೊಳೆಗೆ, ಇಲ್ಲದಿದ್ದರೆ ಒಲೆಗೆ.

ಗುರುಗಳನ್ನು ಅಲ್ಲಿ ಅಜ್ಜಾರು ಅನ್ನುತ್ತಾರೆ.

"ಹೆಂಗೈತ್ರೀ ಅಜ್ಜಾರ?" ಫಕೀರೇಶ ಕೇಳಿದ.

"ನೀರು ಹಾಕು."

ಮಠದ ಪದ್ಧತಿ ಅದು. ಹೊಸ ಹರಿಗೋಲನ್ನು ಹೊಳೆಗಿಳಿಸುವ ಮೊದಲು ಕಲ್ಲುಗಳ ಮೇಲೆ ಎತ್ತಿಟ್ಟು, ಅದರೊಳಗೇ ನೀರು ತುಂಬಿಸಿ ನೋಡುವುದು.

ಫಕೀರೇಶ ಕೊಡದ ಮೇಲೆ ಕೊಡ ಸುರಿದ. ತಳದಿಂದ ತೊಟತೊಟ ಸೋರಿತು.

ಗುಡದಪ್ಪ ನಕ್ಕ. ಹಿರಿಯ ಶಿಷ್ಯ, ಇಪ್ಪತ್ತು ವರ್ಷ ದುಂಡು ಹರಿಗೋಲು ಹೆಣೆದವನು. "ಏನಪಾ ತಮ್ಮಾ, ಹರಿಗೋಲು ಮಾಡೀಯೋ, ಜರಡಿ ಮಾಡೀಯೋ?"

"ಎಲ್ಲಿ ಸೋರತೈತಿ?" ಅಜ್ಜಾರು ಕೇಳಿದರು.

"ಎಲ್ಲಾ ಕಡೆ ಸೋರತೈತ್ರೀ."

"ಬೆರಳಿಟ್ಟು ತೋರಿಸು."

ಗುಡದಪ್ಪ ಅಂಗಾತ ಮಲಗಿ ಕೆಳಗೆ ತೂರಿದ. ಬಹಳ ಹೊತ್ತು ಹುಡುಕಿದ. ಎರಡು ಕಡೆ ಕೈಬೆರಳು ಇಟ್ಟ. ಇನ್ನೊಂದು ಕಡೆ ಕಾಲಿನ ಹೆಬ್ಬೆರಳು.

"ಮೂರೇ ಅದಾವ್ರೀ. ಹೊರಗ ಬರ್ಲ್ಯಾ?"

"ಬ್ಯಾಡ. ನೀರು ಖಾಲಿ ಆದಮ್ಯಾಲೆ ತೂತು ಕಾಣೂದಿಲ್ಲ. ಡಾಂಬರು ಬರೂತನಕ ಬೆರಳು ತೆಗೀಬ್ಯಾಡ."

ಫಕೀರೇಶನ ಮುಖ ಕೆಂಪಾಗಿತ್ತು. "ಅಲ್ರೀ ಅಜ್ಜಾರ, ತಟ್ಟು ಹಳೇದಿತ್ತು. ಬಿಸಿಲೂ ಸರಿಯಾಗಿ ಬೀಳಲಿಲ್ಲ. ಗುಡದಪ್ಪಣ್ಣ ಹೋದ ವರ್ಷ ಮಾಡಿದ್ದೂ ಸೋರಿತ್ತಲ್ರೀ, ಅವಾಗ..."

"ಲೇ ತಮ್ಮಾ!" ಕೆಳಗಿನಿಂದ ಕೂಗು ಬಂತು. "ನೀರು ಮೂಗಿನ್ಯಾಗ ಹೊಂಟೈತಿ! ಕತಿ ಆಮ್ಯಾಲೆ ಹೇಳು, ಮೊದಲು ಡಾಂಬರು ಕಾಸು!"

ಫಕೀರೇಶ ಓಡಿದ.

ನೀರು ಮೊಗೆದು ಚೆಲ್ಲಿದ್ದಾಯಿತು, ಒರೆಸಿದ್ದಾಯಿತು. ಬೆರಳಿದ್ದ ಜಾಗಕ್ಕೆಲ್ಲ ಡಾಂಬರು ಬಿತ್ತು. ಗುಡದಪ್ಪ ಎದ್ದು ಬೆನ್ನಿನ ಮಣ್ಣು ಕೊಡವಿಕೊಂಡ. ನಗು ಹೋಗಿತ್ತು.

"ಮಲಗಿದಾಗ ನೋಡಿದೆ. ಹೆಣಿಗೆ ಬಿಗಿ ಐತಿ. ಆದ್ರ ಮೂತಿ ಹತ್ರ ಇನ್ನೆರಡು ಪಟ್ಟಿ ಬೇಕೋ. ಸುಳಿ ಮೊದಲು ಬಡಿಯೂದು ಅಲ್ಲೇ."

ಫಕೀರೇಶ ಎರಡು ಬಿದಿರು ಪಟ್ಟಿ ಎತ್ತಿಕೊಂಡ. "ಎಲ್ಲಿ ತೋರಿಸಣ್ಣ," ಅಂದ.

ನಾಲ್ಕನೆಯ ದಿನ ಮತ್ತೆ ನೀರು ಹಾಕಿದರು. ಒಂದು ಹನಿಯೂ ಬೀಳಲಿಲ್ಲ.

ಹೊಳೆಗೆ ಇಳಿಸಿದರು. ಯಾರೂ ಕರೆಯದೆಯೇ ಅಜ್ಜಾರು ಮೊದಲು ಹತ್ತಿ ನಡುವೆ ಕೂತರು. ಹಿಂದೆ ಫಕೀರೇಶ, ಮುಂದೆ ಗುಡದಪ್ಪ ಹುಟ್ಟು ಹಿಡಿದರು.

ಸುಳಿ ಬಂತು. ಮೂತಿ ಒಮ್ಮೆ ನಡುಗಿತು. ಹರಿಗೋಲು ತಿರುಗಲಿಲ್ಲ, ನೆಟ್ಟಗೆ ದಾಟಿತು.

ಫಕೀರೇಶನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ಹೆಂಗೈತಿ ಅಂತ ನೀವು ಇನ್ನೂ ಹೇಳಲೇ ಇಲ್ರೀ."

ಅಜ್ಜಾರು ಎರಡೂ ಕೈಯಲ್ಲಿ ಅಂಚು ಹಿಡಿದು ನೀರನ್ನೇ ನೋಡುತ್ತಿದ್ದರು.

"ನನಗ ಈಜು ಬರೂದಿಲ್ಲೋ ತಮ್ಮಾ."