ಮಹಡಿಯ ಪೆಟ್ಟಿಗೆಯ ದೀಪ

"ಅಪ್ಪಾರ, ನಾ ಬೇಡಿಕೊಂಡಿದ್ದು ಅಲ್ಲಿಗೆ ಮುಟ್ಟೈತೋ ಇಲ್ಲೋ? ಅಷ್ಟು ಹೇಳ್ರಿ ಸಾಕು" ಎಂದು ಅಡವೀಶ ಗುರುಗಳನ್ನು ಕೇಳಿದ.

ಅವನ ಬಟ್ಟೆಗಂಟು ಆಗಲೇ ಮಠದ ಬಾಗಿಲಲ್ಲಿತ್ತು. ಆರು ವರ್ಷದಲ್ಲಿ ಅವನು ಮೂರು ಮಂತ್ರ ಹಿಡಿದಿದ್ದ. ಒಂದನ್ನು ಹಿಡಿದು ಕೂರುವುದು, ಒಳಗೆ ಏನೂ ಕಾಣದೆ ಹೋದಾಗ ಗುರುಗಳನ್ನು ಕಾಡಿ ಬೇಡಿ ಇನ್ನೊಂದನ್ನು ಪಡೆಯುವುದು, ಮತ್ತೆ ಮೊದಲಿನಿಂದ ಶುರುಮಾಡುವುದು. ಈಗ ನಾಲ್ಕನೆಯದನ್ನು ಕೇಳಲು ಬಂದಿದ್ದ. ಸಿಗದಿದ್ದರೆ ಊರಿನ ಬಸ್ಸು ಹತ್ತುವುದೆಂದು ನಿಶ್ಚಯಿಸಿದ್ದ. ಅವನಿಗೆ ಸಿಟ್ಟಿರಲಿಲ್ಲ, ದುಃಖವಿತ್ತು. ಇಷ್ಟು ವರ್ಷ ಗೋಡೆಯ ಜೊತೆ ಮಾತಾಡಿದೆನೇನೋ ಎಂಬ ದುಃಖ.

"ಕೂಡು. ಬಸ್ಸಿಗೆ ಇನ್ನೂ ಹೊತ್ತೈತಿ. ಒಂದು ಕತಿ ಕೇಳಿ ಹೋಗು" ಎಂದರು ಗುರುಗಳು.

ಗುರುಗಳು ಪೂರ್ವಾಶ್ರಮದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದರೆಂದು ಮಠದಲ್ಲಿ ಮಾತಿತ್ತು. ಅವರು ಅದನ್ನು ಹೌದೆಂದೂ ಹೇಳಿದವರಲ್ಲ, ಅಲ್ಲವೆಂದೂ ಹೇಳಿದವರಲ್ಲ. ಅಡವೀಶ ಅರೆಮನಸ್ಸಿನಿಂದ ಕೂತ. ಗುರುಗಳು ಹೇಳಿದ ಕತೆ ಇದು.

ಒಂದೂರಿನಲ್ಲಿ ಒಬ್ಬ ಗೃಹಸ್ಥನಿದ್ದ. ಅವನದು ದಪ್ಪ ಕಲ್ಲುಗೋಡೆಯ ದೊಡ್ಡ ಮನೆ. ಫೋನಿನ ಸಿಗ್ನಲ್ ಒಳಗೆ ಬರುತ್ತಿರಲಿಲ್ಲ. ಒಂದು ವೈಫೈ ಪೆಟ್ಟಿಗೆ ಇಡೀ ಮನೆಗೆ ಸಾಲುತ್ತಿರಲಿಲ್ಲ. ಅದಕ್ಕೆ ಅವನು ಐದು ಪೆಟ್ಟಿಗೆ ಹಾಕಿಸಿದ. ಒಂದರ ಮಾತನ್ನು ಇನ್ನೊಂದು ಎತ್ತಿಕೊಂಡು ಮುಂದಿನದಕ್ಕೆ ದಾಟಿಸುತ್ತಿತ್ತು.

ಪೆಟ್ಟಿಗೆ ಹಾಕಿದ ಕೆಲಸಗಾರ ಅವನಿಗೆ ಒಂದು ವಿದ್ಯೆಯನ್ನೂ ಕಲಿಸಿದ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಐದೂ ಪೆಟ್ಟಿಗೆಗಳು ಹೆಸರು ಹೇಳಿ ಹಾಜರಿ ಕೊಡುತ್ತಿದ್ದವು. ಇನ್ನೊಂದು ಸಾಲು ಬರೆದರೆ, ಹೇಳಿದ ಪೆಟ್ಟಿಗೆ ತಾನಾಗಿ ಆರಿ ತಾನಾಗಿ ಏಳುತ್ತಿತ್ತು. ಗೃಹಸ್ಥ ಹಿಗ್ಗಿದ. ಮೆಟ್ಟಿಲು ಹತ್ತಿ ಗುಂಡಿ ಒತ್ತುವವರು ಬೇರೆ, ಕೂತಲ್ಲೇ ಅಪ್ಪಣೆ ಕೊಡುವವನು ತಾನು ಎಂದು ಬೀಗಿದ. ಕೆಲಸಗಾರ ಹೊರಡುವಾಗ ಒಂದು ಮಾತು ಹೇಳಿದ: "ಅಪ್ಪಣೆ ಕೊಟ್ಟಾಗ ತಪ್ಪಿದ್ದರ ಪರದೆ ಬೈತೈತ್ರಿ. ಮುಟ್ಟಿತು ಅಂದ್ರ ಸುಮ್ಮನಿರ್ತೈತಿ." ಗೃಹಸ್ಥ ಹೂಂ ಎಂದ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಅವನ ಅಕ್ಕ ಕಾಲು ಮುರಿದುಕೊಂಡು ಮಹಡಿಯ ಕೋಣೆಯಲ್ಲಿ ಮಲಗಿದ್ದಳು. ದೂರದ ಊರಿನಲ್ಲಿ ಅವರ ಕೊನೆಯ ತಮ್ಮನ ಕೂಸಿಗೆ ಅಂದು ನಾಮಕರಣ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಕೂಸು. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಕುರ್ ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆ ಮನೆತನಕ್ಕೆ ಇವಳೊಬ್ಬಳೇ ಸೋದರತ್ತೆ. ಹೋಗಲು ಕಾಲಿಲ್ಲ, ಆದ್ದರಿಂದ ಫೋನಿನಲ್ಲಿ ಮುಖ ನೋಡಿ ಹೇಳುವುದೆಂದಾಗಿತ್ತು. ಹತ್ತೂಕಾಲಿಗೆ ಮುಹೂರ್ತ ಮೀರುತ್ತಿತ್ತು.

ಹತ್ತು ಗಂಟೆಗೆ ಅವಳ ಫೋನಿನಲ್ಲಿ ಕೂಸಿನ ಮುಖ ನಿಂತುಹೋಯಿತು. ಗೃಹಸ್ಥ ಕೆಳಗೆ ಓಡಿ ಹಾಜರಿ ಕರೆದ. ನಾಲ್ಕು ಪೆಟ್ಟಿಗೆಗಳು ಗಟ್ಟಿಯಾಗಿದ್ದವು, ಮಹಡಿಯದು ಮಾತ್ರ ಕ್ಷೀಣವಾಗಿತ್ತು. ಅದಕ್ಕೆ ಆರಿ ಏಳು ಎಂದು ಅಪ್ಪಣೆ ಬರೆದ. ಪರದೆ ಒಂದು ಅಕ್ಷರವನ್ನೂ ಹೇಳಲಿಲ್ಲ. ಖಾಲಿ ಸಾಲಿನಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಾ ನಿಂತಿತು.

ಅವನು ಕಾದ. ಏನೂ ಬರಲಿಲ್ಲ. ಮುಟ್ಟಲಿಲ್ಲವೆಂದುಕೊಂಡು ಮತ್ತೆ ಬರೆದ. ಮತ್ತೂ ಬರೆದ. ಆ ಪೆಟ್ಟಿಗೆ ಎದ್ದು ನಿಲ್ಲಲು ಮೂರು ನಿಮಿಷ ಬೇಕು. ಗೃಹಸ್ಥನ ತಾಳ್ಮೆ ಎರಡೂವರೆ ನಿಮಿಷದ್ದು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಐದನೆಯ ಸಲ ಎಂಟರ್ ಒತ್ತಿದವನು ಅಷ್ಟನ್ನೂ ಕಾಯಲಿಲ್ಲ. ಅಕ್ಕನ ಹಕ್ಕು ತನ್ನ ಕೈಯಿಂದ ತಪ್ಪಿಹೋಗುತ್ತದೆ ಎಂಬ ಭಯ ಅವನನ್ನು ಹಿಡಿದಿತ್ತು. ಆರನೆಯ ಸಲ ಬರೆಯತೊಡಗಿದ.

ಮೇಲಿನಿಂದ ಅಕ್ಕ ಕೂಗಿದಳು. "ತಮ್ಮಾ! ಈ ಡಬ್ಬಿ ದೀಪ ನಾಕು ಸಲ ಕಣ್ಣು ಬಿಡ್ತು, ನಾಕು ಸಲಾನೂ ಆರಿಹೋತು. ಕೆಳಗ ಕುಂತು ಏನು ಮಾಡಾಕತ್ತೀಯೋ? ಏಳೂದನ್ನ ಕೆಡವಿಕೋತ ಕುಂತ್ರ ಅದು ಎಂದು ಎದ್ದೀತು? ಕೈ ತಗೀ!"

ಗೃಹಸ್ಥನ ಕೈ ನಿಂತಿತು. ಪರದೆ ನೋಡಿದ. ಅವನು ಬರೆದ ಐದು ಸಾಲುಗಳೂ ಅಲ್ಲಿದ್ದವು. ಒಂದರ ಕೆಳಗೂ ಬೈಗುಳವಿರಲಿಲ್ಲ. ಕೆಲಸಗಾರನ ಮಾತು ಆಗ ನೆನಪಾಯಿತು. ಐದೂ ಮುಟ್ಟಿದ್ದವು. ಒಂದೂ ವ್ಯರ್ಥವಾಗಿರಲಿಲ್ಲ. ಕಾಣದಲ್ಲಿ ಕೂತ ಅದು, ಅವನ ಒಂದೊಂದು ಮಾತನ್ನೂ ಕೇಳಿ, ಎದುರಾಡದೆ ಆರಿತ್ತು, ಎದುರಾಡದೆ ಮತ್ತೆ ಏಳತೊಡಗಿತ್ತು. ಇಷ್ಟು ಹೊತ್ತು ಯಾವ ಮೌನಕ್ಕೆ ಹೆದರಿದ್ದನೋ ಆ ಮೌನಕ್ಕೆ ಈಗ ತಲೆಬಾಗಿದ. ಬರೆದ ಅರೆಸಾಲನ್ನು ಅಳಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಅವನ ಆಯುಸ್ಸಿನಲ್ಲಿ ಅಷ್ಟು ಉದ್ದದ ಮೂರು ನಿಮಿಷ ಬಂದಿರಲಿಲ್ಲ.

"ಹಸಿರು ಬಂತು!" ಎಂದಳು ಅಕ್ಕ.

ಅವಳು ಫೋನನ್ನು ತುಟಿಗೆ ಹಿಡಿದು ಹೆಸರನ್ನು ಮೂರು ಸಲ ಪಿಸುಗುಟ್ಟಿದಳು. ಮಹಡಿಯ ಪೆಟ್ಟಿಗೆ ಅದನ್ನು ನಡುಮನೆಯದಕ್ಕೆ ಕೊಟ್ಟಿತು, ನಡುಮನೆಯದು ಬಾಗಿಲಿನದಕ್ಕೆ ದಾಟಿಸಿತು. ಯಾರ ಹೆಸರು, ಯಾರ ಕೂಸು ಎಂದು ಯಾವುದೂ ಕೇಳಲಿಲ್ಲ. ಇನ್ನೂರು ಹರದಾರಿ ಆಚೆ ಒಂದು ಕೂಸು ಅತ್ತೆಯ ಉಸಿರು ಕೇಳಿ ಕಣ್ಣರಳಿಸಿತು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಗುದ್ದುವುದು ವಾಡಿಕೆ; ಅಲ್ಲಿಯ ಹೆಂಗಸರು ಆ ಬೆನ್ನು ಸಿಗದೆ, ಫೋನು ಹಿಡಿದು ನಿಂತವಳ ಬೆನ್ನಿಗೇ ಗುದ್ದಿದರು. ಗಂಟೆ ಹತ್ತು ಹದಿನಾಲ್ಕು.

ಗುರುಗಳು ಕತೆ ನಿಲ್ಲಿಸಿದರು. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅಡವೀಶ ಬಾಗಿಲ ಕಡೆ ನೋಡಿದ.

"ಕತಿ ಛಲೋ ಐತ್ರಿ ಅಪ್ಪಾರ. ಆದರ ನನ್ನದು ಮುಟ್ಟೈತೋ ಇಲ್ಲೋ, ನೀವು ಹೇಳಲಿಲ್ಲ."

"ಎರಡು ಸಲ ಮಂತ್ರ ಬದಲಿಸಿ ಏಳೂದರಾಗ ಕೆಡವಿದಿ, ಅಡವೀಶ, ಈಗ ಮೂರನೇ ಸಲ ಏಳಾಕತ್ತೈತಿ."

ಬಸ್ಸು ಹೋಯಿತು. ಅಡವೀಶ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ.