ಬೋಳು ಸೈಕಸ್

ಸಸ್ಯೋದ್ಯಾನದ ನಿರ್ದೇಶಕ ಪಂಪಾಪತಿ ಸಾಹೇಬರು ಮಾಲಿಯನ್ನು ಕರೆಸಿ, "ಆ ದೊಡ್ಡ ಸೈಕಸ್ ಗುರುವಾರ ನನ್ನ ಹೊಸ ಮನೆಯ ಬಾಗಿಲಲ್ಲಿರಬೇಕು" ಎಂದರು.

ತಾಳೆಯಂಥ ಗರಿಗಳ ಆ ಗಿಡವನ್ನು ಅಂಗೈಯಗಲದ ಮರಿಯಾಗಿದ್ದಾಗ ನೆಟ್ಟವಳು ಮಾಲಿಯ ಹೆಂಡತಿ ದ್ಯಾವಮ್ಮ. ಅವಳು ತೀರಿಕೊಂಡು ತಿಂಗಳಾಗಿತ್ತು. ಗಿಡಕ್ಕೆ ಮೂವತ್ತು ವರ್ಷ. ನೋಡಿದವರು ಮುನ್ನೂರು ಅಂದರೂ ನಮ್ಮ ತಕರಾರಿಲ್ಲ.

"ಆಗಲಿ ಬುದ್ಧಿ. ಸೈಕಸ್ ಕೀಳೋ ಮುಂಚೆ ಗರಿಯೆಲ್ಲ ಸವರಬೇಕು, ಅದು ಪದ್ಧತಿ" ಎಂದ ಮಾಲಿ. ಮಾತು ನಿಜವೇ. ಒಂದು ಗರಿಯನ್ನೂ ಬಿಡದೆ ಸವರಿದ.

ಗುರುವಾರ ಸಾಹೇಬರು ಲಾರಿ ತಂದು ನೋಡಿದರೆ ಸುಟ್ಟ ಕೊರಡಿನಂಥ ಬೋಳು ಬೊಡ್ಡೆ. ಪಕ್ಕದಲ್ಲಿ ಕೂತ ಮಾಲಿ ಗೊಳೋ ಎಂದು ಅಳುತ್ತಿದ್ದ.

"ಏನೋ, ಸವರಿದ್ದಕ್ಕೆ ಸತ್ತೇ ಹೋಯ್ತಾ?"

ಮಾಲಿ ಇನ್ನಷ್ಟು ಅತ್ತ.

"ಥೂ! ಗೃಹಪ್ರವೇಶಕ್ಕೆ ಹೆಣ ಹೊತ್ಕೊಂಡು ಹೋಗ್ಲಾ? ಲಾರಿ ತಿರುಗಿಸ್ರೋ! ದಾರೀಲಿ ಎರಡು ಬಾಳೆಕಂದು ಹಾಕ್ಕೊಳ್ಳಿ!"

ಆ ಅಳುವನ್ನು ಮಾಲಿ ಶುರು ಮಾಡಿದ್ದು ನಾಟಕಕ್ಕೆ. ದ್ಯಾವಮ್ಮನನ್ನು ಮಣ್ಣು ಮಾಡಿದ ದಿನವೂ ಅವನು ಅತ್ತಿರಲಿಲ್ಲ. ಲಾರಿ ಮರೆಯಾದ ಮೇಲೂ ಅಳು ನಿಲ್ಲಲಿಲ್ಲ.

ಎರಡು ತಿಂಗಳಿಗೆ ಬೊಡ್ಡೆಯ ನೆತ್ತಿಯಲ್ಲಿ ಎಳೆ ಗರಿಗಳು ಒಟ್ಟಿಗೆ ಎದ್ದವು.

"ನೋಡೇ, ಸಾಹೇಬರನ್ನ ಹೆಂಗೆ ಏಮಾರಿಸ್ದೆ!" ಎಂದು ಮಾಲಿ ನಗುತ್ತಾ ಪಕ್ಕಕ್ಕೆ ತಿರುಗಿದ.

ಪಕ್ಕದಲ್ಲಿ ನೀರಿನ ಕೊಡ ಮಾತ್ರ ಇತ್ತು.